ದವಾಖಾನೆ ಗಾಡಿಯ ಟಗರು

ನಮ್ಮ ಕಾಕಾನ ತಲೆಗೆ ಒಂದು ವಿಚಾರ ಹೊಕ್ಕಿತೆಂದರೆ ಅದಕ್ಕೆ ಹೊರಬರುವ ದಾರಿ ಸಿಗುತ್ತಿರಲಿಲ್ಲ, ಅಲ್ಲೇ ಸಂಸಾರ ಹೂಡುತ್ತಿತ್ತು. ಎಪ್ಪತ್ತರ ದಶಕದ ನಡುವೆ ಒಮ್ಮೆ, ದಸರೆಯ ಸೂಟಿಗೆ ಇನ್ನೂ ಎರಡು ತಿಂಗಳಿರುವಾಗ, ಹಾಗೆ ಹೊಕ್ಕದ್ದು ಒಂದು ಚಿತ್ರ. ಇಂಡಿಯ ಬಜಾರದ ಕ್ಷೌರದಂಗಡಿಯಲ್ಲಿ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕುಳಿತಿದ್ದಾಗ, ಯಾರೋ ಬಿಟ್ಟುಹೋದ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಅವನು ಅದನ್ನು ಕಂಡ. ಅರ್ಧ ಗಡ್ಡದಲ್ಲೇ ಎದ್ದು, ಹಾಳೆ ಹರಿದುಕೊಂಡು ಮನೆಗೆ ಓಡಿಬಂದ.

ಚಿತ್ರದಲ್ಲಿ ಯಾವುದೋ ದೇಶದ ಸರಕಾರಿ ವನ. ಗಿಡಗಳ ನಡುವೆ ಒಂದು ದೊಡ್ಡ ಮೋಟಾರು ಗಾಡಿ, ಅದರೊಳಗೇ ಹಾಸಿಗೆ, ಅದರೊಳಗೇ ಒಲೆ. ಹೊರಗೆ ಮಡಚುವ ಕುರ್ಚಿಗಳ ಮೇಲೆ ಒಬ್ಬ ಗಂಡಸು, ಒಬ್ಬ ಹೆಂಗಸು, ಒಂದು ಹುಡುಗಿ. ಅವರ ಕಾಲ ಬಳಿ ನಾಲಿಗೆ ಚಾಚಿ ಕುಳಿತ ನಾಯಿ. ಎಲ್ಲರೂ ನಗುತ್ತಿದ್ದರು, ನಾಯಿ ಕೂಡ.

ನನ್ನ ಅಪ್ಪನ ತಾಯಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿಗೆ ಕಣ್ಣಿನ ಪೊರೆ. ಹಾಳೆಯನ್ನು ಮೂಗಿಗೆ ಹತ್ತಿಸಿಕೊಂಡು ಬಹಳ ಹೊತ್ತು ನೋಡಿದಳು.

"ಮನಿ ಮಠ ಇದ್ದಾವ್ರು ಗಾಡ್ಯಾಗ ಯಾಕ ಮಲಗ್ಯಾರೋ? ಅಣ್ಣತಮ್ಮಂದ್ರು ಹೊರಗ ಹಾಕಿರಬೇಕು, ಪಾಪ."

"ಇಲ್ಲವ್ವಾ, ಇದು ಹವಾ ಬದಲಿ. ಫಾರಿನ್ ಮಂದಿ ಹಿಂಗ ಸೂಟಿ ಕಳೀತಾರ. ನಾವೂ ಹೋಗೂಣು."

ನಗಬೇಡಿ, ನಾವು ಹೋದೆವು. ಆ ಕಾಲದಲ್ಲಿ ಹಳ್ಳಿ ಹಳ್ಳಿ ತಿರುಗಿ ಔಷಧ ಕೊಡುವ ದವಾಖಾನೆ ಗಾಡಿಗಳಿದ್ದವು. ಅಂಥದ್ದೊಂದು ಮುದಿಯಾಗಿ ಲಿಲಾವಿಗೆ ಬಂದಿತ್ತು. ಕಾಕಾ ಹೋಗಿ ಸವಾಲು ಕೂಗಿ ಅದನ್ನು ಹಿಡಿದುಕೊಂಡು ಬಂದ. ಒಳಗೆ ರೋಗಿಗಳು ಕೂರುವ ಎರಡು ಉದ್ದನೆಯ ಬೆಂಚು, ಬಾಟಲಿ ಇಡುವ ಗೂಡುಗಳು, ನೀರು ಬಾರದ ಒಂದು ನಳ. ಟಿಂಚರಿನ ವಾಸನೆ ತಗಡಿನೊಳಗೇ ಇಳಿದುಬಿಟ್ಟಿತ್ತು, ಎಷ್ಟು ತೊಳೆದರೂ ಹೋಗಲಿಲ್ಲ. ಹೊರಗಿನ ಕೆಂಪು ಅಧಿಕ ಚಿಹ್ನೆಯ ಮೇಲೆ ಕಾಕಾ ಎರಡು ಸಲ ನೀಲಿ ಬಣ್ಣ ಬಳಿದ. ಮೊದಲ ಬಿಸಿಲಿಗೇ ಅದು ಒಳಗಿನಿಂದ ಮತ್ತೆ ಎದ್ದುಬಂತು, ಮೊದಲಿಗಿಂತ ಚೆನ್ನಾಗಿ ಕಾಣುವಂತೆ.

ಇನ್ನು ಉಳಿದದ್ದು ಚಿತ್ರದಲ್ಲಿದ್ದಷ್ಟು ಮಂದಿಯನ್ನು ಹೊಂದಿಸುವುದು. ಗಂಡಸು ಕಾಕಾನೇ ಆದ. ಹೆಂಗಸಾಗಬೇಕಿದ್ದ ಕಾಕಿ, "ನಾ ರಸ್ತಾದ ಮ್ಯಾಲೆ ಸಂಸಾರ ಮಾಡಾಕ ಲಗ್ನ ಆಗಿಲ್ಲ" ಅಂದವಳೇ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದಳು. ಅಪ್ಪನಿಗೆ ಹತ್ತಿಯ ಅಡತಿ ಅಂಗಡಿ ಬಿಟ್ಟು ಬರಲಾಗುತ್ತಿರಲಿಲ್ಲ. ಆದ್ದರಿಂದ ಹೆಂಗಸಿನ ಜಾಗಕ್ಕೆ ಅರವತ್ತು ದಾಟಿದ ಆಯಿ ಬಂದಳು. ಹುಡುಗಿಯ ಜಾಗಕ್ಕೆ ಆರನೇ ಇಯತ್ತೆಯ ನಾನು. ನಾಯಿ ನಮ್ಮಲ್ಲಿರಲಿಲ್ಲ, ಟಗರಿತ್ತು.

ಟಗರಿನ ವಿಷಯ ಹೇಳಿಬಿಡುತ್ತೇನೆ. ನನ್ನ ಅವ್ವ ತೀರಿಕೊಂಡು ಎಂಟು ದಿನವಾಗಿತ್ತು. ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿದ್ದ ಕುರುಬರು ಒಂದು ಮರಿಯನ್ನು ಕಂಬಳಿಯಲ್ಲಿ ಸುತ್ತಿ ತಂದು ನಮ್ಮ ಕಟ್ಟೆಯ ಮೇಲೆ ಇಟ್ಟರು. "ತಾಯಿ ಸತ್ತೈತ್ರಿ. ಉಳಿಯೂದು ಖಾತ್ರಿ ಇಲ್ಲ, ನೋಡ್ರಿ" ಎಂದು ಹೇಳಿ ಹೋದರು. ನಾನು ಆಗ ಊಟ ಬಿಟ್ಟಿದ್ದೆ. ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುವುದು ನನ್ನ ಕೆಲಸವಾಯಿತು, ಅದು ಕುಡಿದಾಗ ಮಾತ್ರ ನಾನೂ ಅಷ್ಟಿಷ್ಟು ಕುಡಿಯುತ್ತಿದ್ದೆ. ಹೀಗೆ ನಾವಿಬ್ಬರೂ ಉಳಿದೆವು. ಒಂದೂವರೆ ವರ್ಷದಲ್ಲಿ ಅದಕ್ಕೆ ಕೋಡು ಬಂದು ಸುರುಳಿ ಸುತ್ತಿದವು, ಮೈ ತುಂಬಿತು, ಸೊಕ್ಕೂ ತುಂಬಿತು. ಅದರ ಹೊರತು ನನಗೆ ಆ ಮನೆಯಲ್ಲಿ ಯಾರೂ ಬೇಕಿರಲಿಲ್ಲ. ಇದನ್ನು ಈಗ ಹೇಳಲು ನನಗೆ ನಾಚಿಕೆಯಿಲ್ಲ.

ನಾವು ಲಿಂಗವಂತರು. ಮೊಟ್ಟೆಯ ಸಿಪ್ಪೆ ಓಣಿಯಲ್ಲಿ ಬಿದ್ದಿದ್ದರೂ ಆಯಿ ಸುತ್ತು ಹಾಕಿ ನಡೆಯುತ್ತಿದ್ದಳು. ಅಂಥ ಮನೆಯಲ್ಲಿ ಕೊಬ್ಬಿದ ಟಗರು ಓಡಾಡುವುದು ಓಣಿಯವರಿಗೆ ದೊಡ್ಡ ತಮಾಷೆ. ಆಯಿಯಂತೂ ದಿನಾ ಬೈಯುತ್ತಿದ್ದಳು. ಅವಳ ಸೀರೆಯ ಸೆರಗು ತಿಂದಿತ್ತು, ಹಪ್ಪಳ ತಿಂದಿತ್ತು, ಒಮ್ಮೆ ವಿಭೂತಿಯ ಗಟ್ಟಿಯನ್ನೂ ತಿಂದಿತ್ತು. "ಈ ಭಾಡ್ಯಾನ್ನ ಬರೂ ಸಂತಿಗೆ ಹೊಡದ ಕಳಸ್ತೇನಿ" ಎನ್ನುವುದು ಅವಳ ಬೆಳಗಿನ ಮಂತ್ರವಾಗಿತ್ತು. ಪ್ರವಾಸಕ್ಕೆ ಅದೂ ಬರುತ್ತದೆಂದಾಗ ತಲೆ ತಲೆ ಚಚ್ಚಿಕೊಂಡಳು. ಕಾಕಾ ಚಿತ್ರ ತೋರಿಸಿದ. ಚಿತ್ರದಲ್ಲಿ ಪ್ರಾಣಿ ಇತ್ತು, ಆದ್ದರಿಂದ ಗಾಡಿಯಲ್ಲೂ ಪ್ರಾಣಿ ಇರಬೇಕು. ಅದರ ಮೇಲೆ ಅವನು ಯಾರ ಮಾತೂ ಕೇಳುವವನಲ್ಲ.

ಇಂಡಿಯಿಂದ ಹೊರಟ ನಾವು ಸಿಂದಗಿಯಲ್ಲಿ ಒಂದು ಬೇವಿನ ಗಿಡದ ನೆರಳಿಗೆ ರೊಟ್ಟಿ ತಿನ್ನಲು ನಿಂತೆವು. ಕಾಕಾ ಕೀಲಿ ತಿರುಗಿಸಿ ಗಾಡಿ ಬಂದ್ ಮಾಡುವುದರೊಳಗೆ ಹಿಂದಿನ ಬಾಗಿಲಿಗೆ ಏಳು ಮಂದಿ ಸಾಲು ನಿಂತಿದ್ದರು, ಕೈಯಲ್ಲಿ ಒಂದೊಂದು ಖಾಲಿ ಬಾಟಲಿ. ಆಗ ದವಾಖಾನೆಗೆ ಹೋಗುವವರು ಔಷಧಕ್ಕೆ ತಮ್ಮ ಬಾಟಲಿ ತಾವೇ ಒಯ್ಯಬೇಕಿತ್ತು. ಕಾಕಾ ಇಳಿದು, ಇದು ದವಾಖಾನೆಯಲ್ಲ, ನಾವು ಹವಾ ಬದಲಿಗೆ ಹೊರಟವರು ಎಂದು ತಿಳಿಸಿ ಹೇಳಿದ. ಅವರು ಸಮಾಧಾನದಿಂದ ಕೇಳಿಸಿಕೊಂಡರು, ಸಾಲು ಬಿಡಲಿಲ್ಲ. ಮುಂದೆ ನಿಂತಿದ್ದವನು, "ಇರ್ಲಿ ತಗೋರಿ ಡಾಕ್ಟರ್ ಸಾಹೇಬ್ರ, ನಿಮ್ಮ ಊಟ ಆಗಲಿ" ಅಂದ.

ಕೊನೆಗೆ ಎದ್ದವಳು ಆಯಿ. ಅವಳ ಗಂಟಿನಲ್ಲಿ ಅಜವಾನ, ಒಣಶುಂಠಿ, ಜೀರಿಗೆ, ಅರಿಸಿನದ ಡಬ್ಬಿ ಇದ್ದವು. ಕೆಮ್ಮಿದವರಿಗೆ ಶುಂಠಿ, ಹೊಟ್ಟೆ ಹಿಡಿದವರಿಗೆ ಅಜವಾನ, ಉಳಿದವರಿಗೆ ಬೈಗುಳ ಕೊಟ್ಟು ಕಳಿಸಿದಳು. ಮುದ್ದೇಬಿಹಾಳದಲ್ಲಿ ಹನ್ನೊಂದು ಮಂದಿ ಮತ್ತು ಒಂದು ಎಮ್ಮೆ. ಬಸವನ ಬಾಗೇವಾಡಿಯಲ್ಲಿ ಗಾಡಿಗೆ ಎಣ್ಣೆ ಹಾಕಿದವನು ತನ್ನ ಕೆಲಸ ಮುಗಿಸಿ, ಅಂಗಿಯ ತೋಳು ಏರಿಸಿ, ಸೂಜಿ ಚುಚ್ಚಿಸಿಕೊಳ್ಳಲು ಕಣ್ಣು ಮುಚ್ಚಿ ನಿಂತ. ಕಾಕಾನಿಗೆ ಅಳು ಬರುವುದೊಂದು ಬಾಕಿ. ಅವನ ಚಿತ್ರದಲ್ಲಿ ರೋಗಿಗಳಿರಲಿಲ್ಲ. ಆಯಿ ಮಾತ್ರ ಊರಿಂದ ಊರಿಗೆ ಚೇತರಿಸಿಕೊಳ್ಳುತ್ತಿದ್ದಳು.

ಕಾಕಾ ಗೊತ್ತು ಮಾಡಿದ್ದ ವನ ಗೊಳಸಂಗಿಯಿಂದ ಮುಂದೆ, ಕೃಷ್ಣಾ ಹೊಳೆಯ ದಂಡೆಗೆ ಸರಕಾರದವರು ಬೆಳೆಸಿದ ಒಂದು ತೋಟ. ತಂತಿ ಬೇಲಿ, ನೀಲಗಿರಿ, ಬೇವು, ಅರ್ಧಕ್ಕೆ ನಿಂತ ಒಂದು ಕಾರಂಜಿ. ಬಾಗಿಲಲ್ಲಿ ದನ, ಕುರಿ, ಆಡುಗಳನ್ನು ಒಳಗೆ ಬಿಡುವುದಿಲ್ಲವೆಂಬ ಫಲಕ. ಕಾವಲುಗಾರ ಗಾಡಿಯ ಕಿಟಕಿಯಿಂದ ಹೊರಬಂದ ಟಗರಿನ ಮುಖ ನೋಡಿ ಕೈ ಅಡ್ಡ ಹಿಡಿದ. ಆಮೇಲೆ ಗಾಡಿಯ ಮೈಮೇಲಿನ ಕೆಂಪು ಗುರುತು ನೋಡಿದ. ಕೈ ತಾನಾಗಿ ಸಲಾಮಿಗೆ ಏರಿತು.

"ಇದು ಪೇಶೆಂಟ್ ಏನ್ರಿ?" ಎಂದು ಟಗರಿನ ಕಡೆ ಬೆರಳು ತೋರಿದ.

ಕಾಕಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ದವಾಖಾನೆಯೊಳಗಿನ ಪೇಶೆಂಟನ್ನು ತಡೆಯಲು ಫಲಕದಲ್ಲಿ ಬರೆದಿಲ್ಲವೆಂದು ಕಾವಲುಗಾರ ತಾನೇ ತೀರ್ಮಾನಿಸಿ ಬಾಗಿಲು ತೆಗೆದ. ಹೆಂಡತಿಯ ಕೆಮ್ಮಿಗೆ ಸಂಜೆ ಬಾಟಲಿ ತರುವುದಾಗಿಯೂ ಹೇಳಿದ.

ಹೊಳೆ ಕಾಣುವ ಜಾಗದಲ್ಲಿ ಗಾಡಿ ನಿಲ್ಲಿಸಿದೆವು. ಸ್ವಲ್ಪ ದೂರದಲ್ಲಿ ಒಂದು ಬೇವಿನ ಬುಡಕ್ಕೆ ಕುಂಕುಮ ಹಚ್ಚಿದ ಮೂರು ಕಲ್ಲುಗಳಿದ್ದವು. ಅದು ಪಕ್ಕದ ಹಳ್ಳಿಯ ದುರ್ಗವ್ವನ ಗುಡಿ. ಸರಕಾರ ಬೇಲಿ ಹಾಕಿದಾಗ ದೇವಿ ಒಳಗೆ ಉಳಿದಳು, ಭಕ್ತರು ಹೊರಗೆ ಉಳಿದರು. ಅವರು ಬರಲೆಂದು ಬೇಲಿಯಲ್ಲಿ ಒಂದು ಕಂಡಿ ಮಾಡಲಾಗಿತ್ತು. ಆಯಿ ಗಾಡಿ ಇಳಿದವಳೇ ಆ ಕಡೆ ತಿರುಗಿ ಕೈ ಮುಗಿದಳು. ಕೊರಳಲ್ಲಿ ಲಿಂಗವಿದ್ದವಳು ಕಲ್ಲಿಗೆ ಯಾಕೆ ಮುಗಿಯುತ್ತೀ ಎಂದು ಕಾಕಾ ಚಾಷ್ಟಿ ಮಾಡಿದ. "ಆಕಿ ಹದ್ದಿಯೊಳಗ ಬಂದೇವಿ, ಕೇಳಿ ಇರಬೇಕು" ಅಂದಳು.

ಮಾರನೇ ದಿನ ಬೆಳಿಗ್ಗೆ ಧಡ್ ಧಡ್ ಎಂಬ ಸದ್ದಿಗೆ ಎಚ್ಚರವಾಯಿತು. ಗಾಡಿಯ ಗಾಲಿಯ ನಡುವೆ ಒಂದು ಮಿರಮಿರ ಮಿಂಚುವ ತಗಡಿನ ತಾಟು ಇತ್ತು, ಕಾಕಾ ಅದನ್ನು ಬೂದಿ ಹಚ್ಚಿ ತಿಕ್ಕಿ ಕನ್ನಡಿ ಮಾಡಿಟ್ಟಿದ್ದ. ನನ್ನ ಟಗರು ಅದರಲ್ಲಿ ಇನ್ನೊಂದು ಟಗರನ್ನು ಕಂಡು, ಹತ್ತು ಹೆಜ್ಜೆ ಹಿಂದೆ ಸರಿದು ಓಡಿಬಂದು ಗುದ್ದುತ್ತಿತ್ತು. ಅದು ಹಿಂದೆ ಸರಿದರೆ ಒಳಗಿನದೂ ಸರಿಯುತ್ತಿತ್ತು, ಅದೇ ಸಿಟ್ಟು. ನಾನು ಹೋಗಿ ಹಿಡಿಯುವುದರೊಳಗೆ ಹಣೆ ಒಡೆದು ಮುಖದ ಮೇಲೆ ರಕ್ತ ಹರಿಯುತ್ತಿತ್ತು. ಕಾಲು ಮಡಚಿ ಕೂತಿತು. ನಾನು ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡೆ, ಚಹಾ ಮುಟ್ಟಲಿಲ್ಲ, ರೊಟ್ಟಿ ಮುಟ್ಟಲಿಲ್ಲ.

ಆಯಿ ಬೈಯುತ್ತಲೇ ಅರಿಸಿನವನ್ನು ಕುಸುಬೆ ಎಣ್ಣೆಯಲ್ಲಿ ಕಲಸಿ ಹಣೆಯ ತುಂಬ ದಪ್ಪಗೆ ಮೆತ್ತಿದಳು. ಮೆತ್ತುವಾಗ ತುಟಿ ಅಲ್ಲಾಡುತ್ತಿದ್ದವು, ಬೈಗುಳವೇ ಇರಬೇಕೆಂದುಕೊಂಡೆ. ನೊಣ ಕೂರದಿರಲೆಂದು ಬೇವಿನ ಎಳೆಯ ಟೊಂಗೆ ತಂದು ಕೋಡುಗಳ ನಡುವೆ ಇಟ್ಟಳು. ಅದು ನಿಲ್ಲಲಿಲ್ಲ. ದಾರಿಯಲ್ಲಿ ಸಂಬಂಧಿಕರ ಹೆಣ್ಣುಮಕ್ಕಳು ಸಿಕ್ಕರೆ ಕೊಡಲೆಂದು ಕುಪ್ಪಸದ ಹಸಿರು ಖಣಗಳನ್ನು ತಂದಿದ್ದಳು, ಒಂದರ ಅಂಚು ಹರಿದು ಬೇವನ್ನು ಕೋಡಿಗೆ ಬಿಗಿದು ಕಟ್ಟಿದಳು. ಮಧ್ಯಾಹ್ನದ ಹೊತ್ತಿಗೆ ಟಗರು ಎದ್ದು ಮೇಯತೊಡಗಿತು. ಆಯಿ ಹಿಂದಿನ ಬಾಗಿಲಲ್ಲಿ ತನ್ನ ದವಾಖಾನೆ ತೆರೆದು ಕುಳಿತಳು, ಅಷ್ಟರಲ್ಲಿ ಅಲ್ಲಿ ಹದಿನೈದು ಬಾಟಲಿ ಸಾಲು ನಿಂತಿದ್ದವು.

ಹಣೆ ತುಂಬ ಅರಿಸಿನ, ಕೋಡಿಗೆ ಬೇವು, ಹಸಿರು ಖಣ, ಎದುರಿಗೆ ದುರ್ಗವ್ವನ ಗುಡಿ. ನಮ್ಮ ಭಾಗದವರಿಗೆ ಇನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನನಗಾಗ ಹನ್ನೆರಡು ವರ್ಷ, ಆಯಿಗೆ ಕಣ್ಣಿಲ್ಲ, ಕಾಕಾನಿಗೆ ತಲೆಯಿಲ್ಲ.

ಬಟ್ಟೆ ಒಗೆಯಲು ಹೊಳೆಗೆ ಬಂದ ಹೆಂಗಸರು ಗಂಟು ಕೆಳಗಿಟ್ಟು ಟಗರಿನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಒಬ್ಬಳು ಅದರ ಹಣೆಗೆ ಕುಂಕುಮ ಹಚ್ಚಿದಳು, ಇನ್ನೊಬ್ಬಳು ಉಡಿಯಿಂದ ಜೋಳ ತೆಗೆದು ತಿನ್ನಿಸಿದಳು. ನನ್ನ ಟಗರು ಅಷ್ಟು ಚೆಂದ ಇದೆಯೆಂದು ನಾನು ಬೀಗಿದೆ. ಸಂಜೆಗೆ ಹಳ್ಳಿಯ ಗೌಡರು ನಾಲ್ಕು ಮಂದಿಯೊಡನೆ ಬಂದರು. ಅರಿವೆಯಲ್ಲಿ ಕಟ್ಟಿದ ಕೊಲ್ಹಾರದ ಗಟ್ಟಿ ಮೊಸರು ತಂದು ಕಾಕಾನ ಮುಂದಿಟ್ಟು ಬಹಳ ಮರ್ಯಾದೆಯಿಂದ ಕುಳಿತರು.

"ಸಾವಕಾರ್ರ, ನಾಳೆ ಶುಕ್ರಾರ. ನಾಳೆನ ಮುಗಸೂಣೇನ್ರಿ?"

ಕಾಕಾ ಇದನ್ನು ಊಟದ ಆಮಂತ್ರಣವೆಂದು ತಿಳಿದ. ಯಾಕೆ ತಿಳಿಯಬಾರದು? ಮೊಸರು ಬಂದಿತ್ತಲ್ಲ.

"ಅದಕ್ಕೇನ್ರಿ ಗೌಡ್ರ, ನಾಳೆನ ಆಗಲಿ. ನಿಮಗ ಸುಮ್ಮ ತ್ರಾಸ."

"ತ್ರಾಸ ಎಲ್ಲೀದ್ರಿ. ನೀವು ಏನೂ ಹಚ್ಚಗೋಬ್ಯಾಡ್ರಿ, ಎಲ್ಲಾ ನಮ್ಮ ಕೈಲೆ ಆಗತೈತಿ. ನಿಮಗ ಬ್ಯಾರೆ ಒಲಿ ಮ್ಯಾಲೆ ಹೋಳಗಿ ಮಾಡಸ್ತೇವಿ. ನಿಮ್ಮ ಮಡಿಗೆ ಧಕ್ಕಿ ಇಲ್ಲ."

ಕಾಕಾನ ಕಣ್ಣು ತುಂಬಿಬಂದವು. ಚಿತ್ರದ ಫಾರಿನ್ ಜನರಿಗೆ ಯಾರಾದರೂ ಹೋಳಿಗೆ ಮಾಡಿ ಹಾಕಿದ್ದರೇ? ಗೌಡರು ಒಂದು ತೆಂಗಿನಕಾಯಿ ಅವನ ಕೈಗಿಟ್ಟು, "ತಾಯಿ ಹೆಸರಲೆ ಒಡೀರಿ, ಮಾತು ಪಕ್ಕಾ ಆಗತೈತಿ" ಅಂದರು. ಕಾಕಾ ದುರ್ಗವ್ವನ ಕಲ್ಲಿನ ಮುಂದೆ ಹೋಗಿ ಉತ್ಸಾಹದಿಂದ ಒಂದೇ ಏಟಿಗೆ ಒಡೆದ. ಎಲ್ಲರೂ ಭಲೆ ಅಂದರು.

ಶುಕ್ರವಾರ ಬೆಳಿಗ್ಗೆ ಬೇಲಿಯ ಕಂಡಿಯಿಂದ ಇಪ್ಪತ್ತು ಮೂವತ್ತು ಮಂದಿ ಒಳಗೆ ಬಂದರು. ಎರಡು ಆಳಿನ ಹೊರೆಯ ಪಾತ್ರೆ ಬಂತು. ಹೆಂಗಸರು ಕಲ್ಲು ಹೂಡಿ ಒಲೆ ಮಾಡಿದರು, ಒಣ ಕೊಬ್ಬರಿ ಸುಟ್ಟರು, ಬೆಳ್ಳುಳ್ಳಿ, ಮಸಾಲೆ ಖಾರ ಅರೆಯಲು ಕೂತರು. ಅವರಲ್ಲಿ ಎಲ್ಲರಿಗಿಂತ ಹಿರಿಯಳಾದ ಒಬ್ಬ ಮುದುಕಿ ನನ್ನ ಪಕ್ಕ ಬಂದು ಟಗರಿನ ಬೆನ್ನಿನ ಮೇಲೆ ಕೈಯಾಡಿಸಿದಳು. ಎಲುಬಿನ ಎರಡೂ ಕಡೆ ಬೆರಳಿಂದ ಒತ್ತಿ ನೋಡಿದಳು. ಸಂತೆಯಲ್ಲಿ ಹಾಗೆ ಒತ್ತಿ ನೋಡುವುದನ್ನು ನಾನು ಕಂಡಿದ್ದೆ.

"ಎಳೇದ ಐತಿ. ಪುಣ್ಯಾದ ಜೀವ" ಅಂದಳು. ಆಮೇಲೆ ನನ್ನ ಗಲ್ಲ ಹಿಡಿದು, "ನೀ ನೋಡಬ್ಯಾಡ ತಂಗಿ. ನಿಮ್ಮಾಯಿನ್ನ ಕರಕೊಂಡು ಗಾಡ್ಯಾಗ ಕುಂದರು. ಮುಗದಿಂದ ನಾ ಬಂದು ಬಾಗಲಾ ಬಡೀತೇನಿ" ಅಂದಳು.

ನಾನು ಟಗರಿನ ಕೋಡು ಹಿಡಿದು ಗಾಡಿಯೊಳಗೆ ಎಳೆದುಕೊಂಡು ಹೋಗಿ ಅಗಳಿ ಹಾಕಿದೆ. ಆಯಿ ಬೆಂಚಿನ ಮೇಲೆ ಲಿಂಗಪೂಜೆ ಮುಗಿಸಿ ಕೂತಿದ್ದಳು. ಅವಳ ಮಡಿಲಲ್ಲಿ ಬಿದ್ದು, "ಇದನ್ನ ಕಡೀತಾರಂತ ಆಯಿ" ಎಂದು ಕೂಗಿದೆ. ಅವಳು ಕೈ ಚಾಚಿ ಟಗರಿನ ಹಣೆ, ಕೋಡು, ಬೇವು, ಖಣ ಒಂದೊಂದನ್ನೇ ಮುಟ್ಟಿ ನೋಡಿದಳು. ತಾನು ಏನು ಮಾಡಿಟ್ಟಿದ್ದೇನೆಂದು ಆಗ ಅವಳಿಗೆ ತಿಳಿಯಿತು.

ಹೊರಗೆ ಕಾಕಾನಿಗೂ ತಿಳಿದಿತ್ತು, ಯಾಕೆಂದರೆ ದುರ್ಗವ್ವನ ಪೂಜಾರಿ ಕತ್ತಿ ಮಸೆಯುತ್ತಿದ್ದ. ಕಿಟಕಿಯಿಂದ ಎಲ್ಲ ಕೇಳುತ್ತಿತ್ತು.

"ಗೌಡ್ರ, ಏನೋ ತಪ್ಪ ತಿಳವಳಿಕಿ ಆಗೇತಿ. ನಾವು ಲಿಂಗವಂತ ಮಂದಿ, ಹಿಂತಾ ಹರಕಿ ಯಾಕ ಹೊರ್ತೇವಿ?"

ಗೌಡರು ದೊಡ್ಡ ಮನುಷ್ಯರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. "ನಾಚಗೋಬ್ಯಾಡ್ರಿ ಸಾವಕಾರ್ರ. ನಿಮ್ಮಂಥಾವ್ರು ಹಿಂದನೂ ಬಂದಾರ. ಮನ್ಯಾಗ ಕಷ್ಟ ಬರತೈತಿ, ತಾಯಿಗೆ ಹೊತ್ತಿರ್ತಾರ, ತಮ್ಮ ಊರಾಗ ಮಾಡಾಕ ಬರಂಗಿಲ್ಲ. ದೂರ ಬಂದು ನಮ್ಮ ಕೈಲೆ ಮಾಡಸ್ತಾರ. ನಾವು ಯಾರ ಮುಂದೂ ಬಾಯಿ ಬಿಡಂಗಿಲ್ಲ. ಯಾರಿಗೂ ಸಂಶೆ ಬರಬಾರದಂತ ದವಾಖಾನಿ ಗಾಡ್ಯಾಗ ಮುಚ್ಚಿ ತಂದೀರಿ. ಭಾಳ ಶಾಣ್ಯಾ ಅದೀರಿ."

ಕಾಕಾ ಕಿಸೆಯಿಂದ ಆ ಹಾಳೆ ತೆಗೆದ. ಇದು ಸಾಕಿದ ಪ್ರಾಣಿ, ಸೂಟಿಗೆಂದು ಜೊತೆಗೆ ತಂದದ್ದು, ಫಾರಿನ್ನಿನಲ್ಲೂ ಹೀಗೇ ಮಾಡುತ್ತಾರೆ ಎಂದ. ಹಾಳೆ ಕೈಯಿಂದ ಕೈಗೆ ಹೋಯಿತು. ಪೂಜಾರಿ ಕತ್ತಿ ಕಂಕುಳಲ್ಲಿಟ್ಟು ಬಹಳ ಗಮನವಿಟ್ಟು ನೋಡಿದ.

"ಇದು ನಾಯಿ ಐತಲ್ರಿ" ಅಂದ. "ನಾಯಿ ಯಾರ ಹೊರ್ತಾರ್ರಿ ತಾಯಿಗೆ?"

ಗೌಡರು ತಲೆ ಕೆರೆದುಕೊಂಡು ಯೋಚಿಸಿ ಹೇಳಿದರು, "ಕಾಯಿ ಒಡದೇವಿ, ಮಾತು ತಾಯಿಗೆ ಮುಟ್ಟೇತಿ. ನಾ ಒಬ್ಬಾವ ಬಿಡ್ತೇನಿ ಅಂದ್ರ ಬಿಡಾಕ ಬರಂಗಿಲ್ಲ, ನಾಳೆ ಊರಾಗ ಏನರ ಆದ್ರ ನನ್ನ ಕೇಳತಾರ. ಅರಿಷಿಣ ಹಚ್ಚಿದಾವ್ರು ಯಾರೋ ಅವ್ರು ಬಂದು, ಹಚ್ಚೂಮುಂದ ಮನಸಿನ್ಯಾಗ ಏನಿತ್ತು ಅಂತ ತಾಯಿ ಮುಂದ ಹೇಳಲಿ. ಔಷಧಕ್ಕ ಅಂದ್ರ ಔಷಧಕ್ಕ. ನಾವು ಬದನಿಕಾಯಿ ಉಂಡು ಹೋಗ್ತೇವಿ."

ಕಾಕಾನ ಮುಖ ಅರಳಿತು. ಓಡಿಬಂದು ಕಿಟಕಿಗೆ ಬಾಯಿಟ್ಟು, "ಅವ್ವಾ, ಔಷಧಕ್ಕ ಅಂದಬಿಡು, ಮುಗೀತು!" ಅಂದ. ಅಷ್ಟಕ್ಕೇ ನನ್ನ ಪ್ರಾಣವೂ ಮರಳಿ ಬಂತು. ಒಂದು ಮಾತು, ಅದೂ ನಿಜವಾದ ಮಾತು.

ಆಯಿ ಕೆಳಗಿಳಿದಳು. ನಾನು ಟಗರನ್ನು ತಬ್ಬಿಕೊಂಡು ಬಾಗಿಲಲ್ಲಿ ನಿಂತೆ. ಅವಳು ಕಲ್ಲಿನ ಮುಂದೆ ಹೋಗಿ ಸೆರಗು ಸರಿಮಾಡಿಕೊಂಡಳು.

"ಅರಿಷಿಣ ಔಷಧಕ್ಕ ಹಚ್ಚಿದ್ದು ಖರೆ" ಅಂದಳು. ಕಾಕಾ ಉಸಿರು ಬಿಟ್ಟ. "ಆದ್ರ ಹಚ್ಚೂಮುಂದ ಬೇಡಕೊಂಡದ್ದೂ ಖರೆ. ತಾಯಿ ಮುಂದ ನಿಂತು ಸುಳ್ಳ ಹೇಳಂಗಿಲ್ಲ."

ಇವಳೇ ಕೊಂದಳು ಅಂದುಕೊಂಡೆ. ದಿನಾ ಬೆಳಿಗ್ಗೆ ಸಂತೆಗೆ ಹೊಡೆಯುತ್ತೇನೆ ಅನ್ನುತ್ತಿದ್ದವಳು ಇವಳೇ ತಾನೆ. ಆ ಹೊತ್ತಿನಲ್ಲಿ ನಾನು ಆಯಿಯನ್ನು ದ್ವೇಷಿಸಿದಷ್ಟು ಆಮೇಲೆ ಯಾರನ್ನೂ ದ್ವೇಷಿಸಿಲ್ಲ.

"ಈ ಹುಡುಗಿ ತಾಯಿ ತೀರಿಹೋದಾಗ ಇದೂ ತಾಯಿ ಇಲ್ಲದ ಮರಿ ಮನಿಗೆ ಬಂತು" ಅಂದಳು ಆಯಿ. "ಹುಡುಗಿ ಬಾಯಾಗ ತುತ್ತ ಹಾಕಿದ್ದು ನಾ ಅಲ್ಲ, ಅವರಪ್ಪ ಅಲ್ಲ. ಇದು. ನಿನ್ನಿ ಇದರ ಹಣಿ ಒಡದು ರಕ್ತ ಹರದಾಗ ಹುಡುಗಿ ಮತ್ತ ಊಟ ಬಿಟ್ಟಳು. ನನಗ ಅಂಜಿಕಿ ಬಂತು. ತಾಯೀ, ಇದನ್ನ ಒಯ್ಯಬ್ಯಾಡ, ಜೀವ ಬೇಕಾರ ನನ್ನ ತಗೋ ಅಂದೇನಿ. ಇದರ ಹೆಸರಿನ ಮ್ಯಾಲೆ ಹರಕಿ ಇಲ್ಲ. ಹರಕಿ ನಾ ಅದೇನಿ."

ಮೂವತ್ತು ಮಂದಿ ಆಯಿಯನ್ನು ನೋಡಿದರು. ಪೂಜಾರಿ ಆಯಿಯನ್ನು ನೋಡಿದ, ಕತ್ತಿಯನ್ನು ನೋಡಿದ, ಮೆಲ್ಲಗೆ ಅದನ್ನು ಬೆನ್ನ ಹಿಂದೆ ಅಡಗಿಸಿದ. ಕಾಕಾ ಎರಡೂ ಕೈ ಅಗಲಿಸಿ ಆಯಿಗೆ ಅಡ್ಡ ನಿಂತು, "ಹೇ, ಆಕಿಗಿ ವಯಸ್ಸಾಗೇತ್ರಿ, ಏನೇನರ ಮಾತಾಡತಾಳ!" ಎಂದು ಒದರತೊಡಗಿದ. ಗೌಡರಿಗೆ ನಿಜಕ್ಕೂ ಪೇಚಾಗಿತ್ತು. ಹೊತ್ತ ಹರಕೆ ಬಿಡುವಂತಿಲ್ಲ, ಇದನ್ನು ತೀರಿಸುವಂತೆಯೂ ಇಲ್ಲ. ಹಿರಿಯರು ಗುಂಪಾಗಿ ಬೇವಿನ ಕೆಳಗೆ ಕೂತು ಗಂಭೀರವಾಗಿ ಚರ್ಚೆ ಮಾಡಿದರು. ಒಬ್ಬ ಆಯಿಗೆ ಬದಲು ಕುಂಬಳಕಾಯಿ ನಡೆಯುತ್ತದೆ ಅಂದ, ಇನ್ನೊಬ್ಬ ಲಿಂಗ ಕಟ್ಟಿಕೊಂಡವರ ಲೆಕ್ಕ ಬೇರೆ ಅಂದ. ಪಾತ್ರೆ ಹೊತ್ತು ತಂದವನು ಮಸಾಲೆ ಕೆಟ್ಟುಹೋಗುತ್ತದೆಂದು ನಡುನಡುವೆ ನೆನಪಿಸುತ್ತಿದ್ದ.

ಬಗೆಹರಿಸಿದವಳು ಟಗರಿನ ಬೆನ್ನು ಒತ್ತಿ ನೋಡಿದ್ದ ಮುದುಕಿ. ಖಾರದ ಕೈ ಒರೆಸಿಕೊಂಡು ಎದ್ದಳು.

"ತಾಯಿ ಹೆಸರಲೆ ಕೋಣ ಬಿಡಂಗಿಲ್ಲೇನು? ಹುಂಜ ಬಿಡಂಗಿಲ್ಲೇನು? ಜೀವಂತ ಬಿಟ್ರೂ ಹರಕಿ ತೀರತೈತಿ. ಅಮ್ಮಾರನ್ನ ಬಿಡ್ರಿ."

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ದೇವರಿಗೆ ಬಿಟ್ಟ ಪ್ರಾಣಿಗೆ ಏನೇನು ಆಗಬೇಕೋ ಅದೆಲ್ಲ ಆಗಬೇಕೆಂದು ಪೂಜಾರಿ ಹಟ ಹಿಡಿದ. ಟಗರಿನ ಕೋಡಿನಿಂದ ಬೇವು, ಖಣ ಬಿಚ್ಚಿದರು. ಮುದುಕಿ ಹೊಸ ಅರಿಸಿನ ಕಲಸಿಕೊಂಡು ಆಯಿಯ ಹಣೆಗೆ ಕೈ ತಂದಳು. ಆಯಿ ಹಾವು ಕಂಡವಳಂತೆ ಹಿಂದೆ ಸರಿದಳು.

"ಬ್ಯಾಡವ್ವಾ. ನಾ ಗಂಡ ಇಲ್ಲದಾಕಿ."

"ತಾಯಿಗೆ ಬಿಟ್ಟದ್ದಕ್ಕ ಗಂಡ ಯಾರ ಕೇಳತಾರ್ರಿ?" ಅಂದಳು ಮುದುಕಿ. "ನಿನ್ನಿ ಹಚ್ಚೂಮುಂದ ನಿಮ್ಮ ಟಗರಿಗೆ ಕೇಳಿದ್ರೇನು?"

ಅಜ್ಜ ಸತ್ತಾಗ ಆಯಿಗೆ ಮೂವತ್ತೆರಡು. ಅಲ್ಲಿಂದ ಅವಳ ಹಣೆಗೆ ವಿಭೂತಿ ಬಿಟ್ಟರೆ ಬೇರೆ ಏನೂ ಮುಟ್ಟಿರಲಿಲ್ಲ. ಊರಿನವರ ಕೆಮ್ಮಿಗೆ, ಗಾಯಕ್ಕೆ, ಬಾಣಂತಿಯರ ಮೈಗೆ ಅರಿಸಿನ ಅರೆದವಳು ತನ್ನ ಬೆರಳಿಗೆ ಹತ್ತಿದ್ದನ್ನು ತೊಳೆದುಕೊಂಡು ಏಳುತ್ತಿದ್ದಳು. ಮುದುಕಿ ಹಣೆ ತುಂಬ ಹಚ್ಚಿದಳು, ಕುಂಕುಮ ಇಟ್ಟಳು, ತುರುಬಿಗೆ ಬೇವು ಸಿಕ್ಕಿಸಿದಳು, ಹಸಿರು ಖಣ, ಕಾಯಿ, ಅಕ್ಕಿ ಉಡಿಗೆ ಹಾಕಿದಳು. ಆಯಿ ಉಡಿ ಹಿಡಿದ ರೀತಿ ನೋಡಿದೆ. ಅವಳಿಗೆ ಅದು ಮರೆತಿರಲಿಲ್ಲ. ನನಗೆ ಅಳು ಬಂತು. ಒಂದು ಗಳಿಗೆಯ ಹಿಂದೆ ದ್ವೇಷಿಸಿದ್ದೆನಲ್ಲ ಎಂಬ ನಾಚಿಕೆಗೂ ಬಂತು.

ಐದು ಸುತ್ತು ದೀಪ ಬೆಳಗಿ ಆಯಿಯನ್ನು ಬಿಟ್ಟರು. ಬಿಟ್ಟರು ಅಂದರೆ, ತೋಳು ಹಿಡಿದು ಎರಡು ಹೆಜ್ಜೆ ನಡೆಸಿ, ಮೆಲ್ಲಗೆ ಬೆನ್ನು ತಟ್ಟಿ, ಕೈ ಬಿಟ್ಟರು. ಆಯಿ ಎಲ್ಲಿ ಹೋಗಬೇಕೆಂದು ತಿಳಿಯದೆ ಕಾರಂಜಿಯ ಸುತ್ತ ಒಂದು ಸುತ್ತು ಹಾಕಿ ಬಂದಳು. ಆಮೇಲೆ ಬದನೆಕಾಯಿ ಮಸಾಲೆ, ಹೋಳಿಗೆ. ಟಗರು ಗೌಡರ ರುಮಾಲಿನ ತುದಿ ತಿಂದಿತು, ಯಾರೂ ಗದರಲಿಲ್ಲ.

ಮರುದಿನ ಹೊರಟಾಗ ಗೌಡರು ಕಾಕಾನನ್ನು ಪಕ್ಕಕ್ಕೆ ಕರೆದು ಬಹಳ ಗಂಭೀರವಾಗಿ ಹೇಳಿದರು, "ಇನ್ನ ಇವ್ರನ್ನ ಯಾರೂ ಕಟ್ಟಿಹಾಕಬ್ಯಾಡ್ರಿ. ಯಾರ ಹೊಲಕ್ಕ ಹೊಕ್ಕರೂ ಹೊಡದ ಹಾಕಂಗಿಲ್ಲ." ಕಾಕಾ ಆಯಿತೆಂದು ತಲೆಯಾಡಿಸಿದ. ಇಂಡಿ ಹತ್ತಿರ ಬಂದಾಗ ಅವನೇ ಗಾಡಿ ನಿಲ್ಲಿಸಿ ತಂಬಿಗೆಯಲ್ಲಿ ನೀರು ತಂದ.

"ಅವ್ವಾ, ಮುಖ ತೊಳಕೋ. ಮಂದಿ ಏನಂದಾರು."

ಆಯಿ ತಂಬಿಗೆ ಇಸಿದುಕೊಂಡು ಆ ನೀರನ್ನು ಟಗರಿಗೆ ಕುಡಿಸಿದಳು.

ಮುಂದಿನ ವಾರ ಶೀಗೀ ಹುಣ್ಣಿಮೆ. ನಮ್ಮ ಎದುರು ಮನೆಯಲ್ಲಿ ಮುತ್ತೈದೆಯರನ್ನು ಕರೆದು ಉಡಿ ತುಂಬುವುದಿತ್ತು. ಅಂಥ ದಿನ ಆಯಿ ನಮ್ಮ ಮನೆಯ ಮುಂಬಾಗಿಲು ಮುಚ್ಚಿಕೊಂಡು ಒಳಗೆ ಕೂರುತ್ತಿದ್ದಳು, ಹೊರಟವರಿಗೆ ಎದುರಾಗಬಾರದೆಂದು. ಅಂದು ಅವಳು ತುರುಬು ಕಟ್ಟಿಕೊಂಡು, ನನ್ನ ಕೈ ಹಿಡಿದು, ಓಣಿ ದಾಟಿ, ಆ ಮನೆಯ ಪಡಸಾಲೆಯಲ್ಲಿ ಹೆಂಗಸರ ಸಾಲಿನ ಕೊನೆಗೆ ಕುಳಿತಳು. ಕೂತವರು ಒಬ್ಬರನ್ನೊಬ್ಬರು ನೋಡಿದರು. ದುರ್ಗವ್ವನಿಗೆ ಬಿಟ್ಟ ಸುದ್ದಿ ಅಷ್ಟರಲ್ಲಿ ಓಣಿಗೆಲ್ಲ ಹಬ್ಬಿತ್ತು, ಕಾಕಾನ ಬಾಯಿ ಸುಮ್ಮನಿರುವುದಲ್ಲ. ಮನೆಯೊಡತಿ ಅರಿಸಿನ ಕುಂಕುಮದ ತಾಟು ಹಿಡಿದು ಒಬ್ಬೊಬ್ಬರಿಗೇ ಹಚ್ಚುತ್ತ ಬಂದು ಆಯಿಯ ಮುಂದೆ ನಿಂತಳು. ಆಯಿ ಕಣ್ಣು ಮುಚ್ಚಿ, ಮುಖ ಮೇಲೆತ್ತಿ ಕುಳಿತಿದ್ದಳು. ಮನೆಯೊಡತಿ ಸುತ್ತ ಕೂತವರನ್ನೊಮ್ಮೆ ನೋಡಿದಳು, ಬೆರಳು ಅರಿಸಿನದಲ್ಲಿ ಅದ್ದಿದಳು, ಹಚ್ಚಿದಳು.